ದಿನ ಎಣಿಸುವ ಕಾಲಂ ಬಗ್ಗೆ ನನ್ನ ತಕರಾರು

ಚಟ ಬಿಡಲು ಬಂದವರಿಗೆ ನಾವು ಇಡುವ ಕೇಸ್ ಶೀಟಿನಲ್ಲಿ 'ಕ್ಲೀನ್ ದಿನಗಳು', ಅಂದರೆ ಮದ್ಯ, ಮಾದಕ ಮುಟ್ಟದ ದಿನಗಳು, ಅಂತ ಒಂದು ಕಾಲಂ ಇದೆ. ಪ್ರತಿ ಕ್ಲೈಂಟ್ ಹೆಸರಿನ ಮುಂದೆ ಒಂದು ಸಂಖ್ಯೆ. ದಿನಕ್ಕೊಂದರಂತೆ ಏರುತ್ತಾ ಹೋಗುತ್ತದೆ. ಲ್ಯಾಪ್ಸ್ (ಮತ್ತೆ ತಗೊಂಡರು) ಅಂತ ಒಂದು ಟಿಕ್ ಬಿದ್ದರೆ ಸಾಕು, ಸೊನ್ನೆಗೆ ಇಳಿಯುತ್ತದೆ. ಮೀಟಿಂಗ್‌ನಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ಚಟ ಬಿಡುವವರ ಜೊತೆ ನಿಲ್ಲುವ ರಿಕವರಿ ಕೋಚ್ ಕೆಲಸಕ್ಕೆ ಬಂದ ಹೊಸದರಲ್ಲಿ ನನಗೂ ಇದು ಒಳ್ಳೆಯ ಏರ್ಪಾಟು ಅನ್ನಿಸಿತ್ತು. ಈಗ ಹಾಗೆ ಅನ್ನಿಸುವುದಿಲ್ಲ.

ಒಬ್ಬ ಕ್ಲೈಂಟ್ ಇದ್ದರು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಓಪಿಯಾಯ್ಡ್ (ಅಫೀಮು, ಹೆರಾಯಿನ್ ಜಾತಿಯ ಮಾದಕ) ಬಿಟ್ಟು ಡೀಟಾಕ್ಸ್, ಅಂದರೆ ದೇಹದಿಂದ ಅದನ್ನು ಇಳಿಸುವ ಚಿಕಿತ್ಸೆ, ಮುಗಿಸಿದವರು. ಗ್ರೂಪ್‌ಗೆ ತಪ್ಪದೆ ಬರುತ್ತಿದ್ದರು. ಅವರ ಸಂಖ್ಯೆ ನೂರು ದಾಟಿತ್ತು. ಕೇಸ್ ಮೀಟಿಂಗ್‌ನಲ್ಲಿ ಅವರ ಹೆಸರು ಬಂದರೆ "ಸ್ಟೇಬಲ್, ಲೋ ರಿಸ್ಕ್, ಮುಂದಿನವರು" ಅಷ್ಟೇ. ಫಾಲೋ-ಅಪ್ ಕರೆಗಳನ್ನೂ ಕಡಿಮೆ ಮಾಡಿದೆವು. ಕೆಲಸ ಹೋಗಿದೆ, ನಿದ್ದೆ ಸರಿ ಬರುತ್ತಿಲ್ಲ ಅಂತ ನೋಟ್ಸ್‌ನಲ್ಲಿ ಬರೆದೇ ಇತ್ತು. ಅಷ್ಟು ದೊಡ್ಡ ಸಂಖ್ಯೆ ಎದುರಿಗಿದ್ದಾಗ ಆ ಸಾಲುಗಳನ್ನು ಯಾರೂ ಎರಡನೇ ಸಲ ಓದಲಿಲ್ಲ.

ನಮಗೆ ಗೊತ್ತಿಲ್ಲದ ಇನ್ನೊಂದು ವಿಷಯವಿತ್ತು. ಚಟದ ಚಿಕಿತ್ಸೆಗೆ ಕೊಟ್ಟಿದ್ದ ಬುಪ್ರೆನಾರ್ಫಿನ್ ಮಾತ್ರೆಯನ್ನು ಅವರು ತಾವೇ ನಿಲ್ಲಿಸಿಬಿಟ್ಟಿದ್ದರು. 'ಮಾತ್ರೆ ತಗೊಂಡು ಕ್ಲೀನ್ ಅಂದ್ರೆ ಅದು ಲೆಕ್ಕಕ್ಕೇ ಇಲ್ಲ' ಅಂತ ಯಾರೋ ಹೇಳಿದ್ದರಂತೆ. ಈ ಮಾತು ಎಷ್ಟು ಜನರ ಬಾಯಲ್ಲಿ ಕೇಳಿದ್ದೇನೋ. ಬುಪ್ರೆನಾರ್ಫಿನ್, ಮೆಥಡೋನ್ ಎರಡೂ ಓವರ್‌ಡೋಸ್ ಸಾವನ್ನು ಕಡಿಮೆ ಮಾಡುವ ಔಷಧಗಳು. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇವೆ. ಅವನ್ನು ತಗೊಳ್ಳುವುದು ಚಿಕಿತ್ಸೆ, ಚಟ ಅಲ್ಲ. ಡಾಕ್ಟರ್‌ಗೆ ಹೇಳದೆ ಸುಮ್ನೆ ನಿಲ್ಲಿಸಿದರೆ ಅಪಾಯ ಜಾಸ್ತಿ.

ಒಂದು ಸಂಜೆ ಅವರೇ ಫೋನ್ ಮಾಡಿದರು. ಮುಂದಿನ ಗ್ರೂಪ್ ಎಷ್ಟು ಹೊತ್ತಿಗೆ ಅಂತ ಕೇಳಿದರು. ಸಮಯ ಬದಲಾಗಿರಲಿಲ್ಲ, ಅದು ಅವರಿಗೂ ಗೊತ್ತು. ಹೇಳಿದೆ. "ಸರಿ ಮೇಡಂ" ಅಂದರು. ಆದರೆ ಫೋನ್ ಇಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಯಾರಾದ್ರೂ ಒಂದ್ಸಲ ತಗೊಂಡ್ರೆ ಆ ನಂಬರ್ ಏನಾಗುತ್ತೆ ಮೇಡಂ?" ಅಂದರು.

ಮಾತು ನಿಧಾನವಾಗಿತ್ತು. ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ತುಂಬಾ ಜಾಗ.

"ನಂಬರ್ ವಿಷಯ ಆಮೇಲೆ ನೋಡೋಣ. ಈಗ ನಿಮ್ಮ ಜೊತೆ ಯಾರಿದ್ದಾರೆ?"

"ಯಾರೂ ಇಲ್ಲ."

"ಯಾವಾಗ ತಗೊಂಡ್ರಿ? ಎಷ್ಟು?"

ಸ್ವಲ್ಪ ತಗೊಂಡಿದ್ದರು. ಉಳಿದದ್ದು ಪಕ್ಕದಲ್ಲೇ ಇತ್ತು. "ಹೇಗೂ ಸೊನ್ನೆ ಆಯ್ತಲ್ಲ ಮೇಡಂ. ಇನ್ನು ಉಳಿದದ್ದು ಇಟ್ಕೊಂಡು ಏನು ಮಾಡ್ಲಿ?"

ನನಗೆ ಹೊಟ್ಟೆಯಲ್ಲಿ ತಣ್ಣಗಾಯಿತು. ಮೊದಲು ಅವರು ದಿನಾ ತಗೊಳ್ಳುತ್ತಿದ್ದ ಪ್ರಮಾಣ ನನಗೆ ಗೊತ್ತಿತ್ತು. ಬಿಟ್ಟಮೇಲೆ ದೇಹ ಆ ತಾಳಿಕೆಯನ್ನು ಕಳೆದುಕೊಳ್ಳುತ್ತದೆ. ಕೆಲವೇ ವಾರ ಸಾಕು. ಹಳೆಯ ಪ್ರಮಾಣ ಈಗ ಉಸಿರನ್ನೇ ನಿಲ್ಲಿಸಬಹುದು. ಡೀಟಾಕ್ಸ್ ಮುಗಿಸಿದವರು, ಜೈಲಿನಿಂದ ಬಿಡುಗಡೆಯಾದವರು ಮೊದಲ ಕೆಲವು ವಾರಗಳಲ್ಲಿ ಹೆಚ್ಚು ಸಾಯುವುದು ಇದೇ ಕಾರಣಕ್ಕೆ. ಇವರು ಮಾತ್ರೆಯನ್ನೂ ಬಿಟ್ಟಿದ್ದಾರೆ ಅಂತ ಅದೇ ಮಾತಿನ ನಡುವೆ ಹೇಳಿದರು.

ಯಾಕೆ ತಗೊಂಡ್ರಿ ಅಂತ ಕೇಳಲಿಲ್ಲ. ಅಂಥ ಹೊತ್ತಿನಲ್ಲಿ ಆ ಪ್ರಶ್ನೆಯಿಂದ ಕೈಗೆ ಸಿಗುವುದು ನಾಚಿಕೆ ಮಾತ್ರ. ಒಂದು ಚೀಟಿಯಲ್ಲಿ ವಿಳಾಸ ಬರೆದು, ಅವರ ಅಕ್ಕನ ನಂಬರ್ ಬರೆದು ಪಕ್ಕದ ಟೇಬಲ್‌ನ ಸಹೋದ್ಯೋಗಿಗೆ ಕೊಟ್ಟೆ. ಅವರು ಇನ್ನೊಂದು ಫೋನಿನಲ್ಲಿ ಆಂಬುಲೆನ್ಸ್ ಕರೆದರು, ಅಕ್ಕನಿಗೂ ಹೇಳಿದರು. ನಾನು ಈ ಕಡೆ, "ಎದ್ದು ಮುಂಬಾಗಿಲ ಚಿಲಕ ತೆಗೀರಿ, ಫೋನ್ ಕೈಯಲ್ಲೇ ಇರಲಿ" ಅಂದೆ. ಕುರ್ಚಿ ಸರಿದ ಸದ್ದು. ಕಾಲೆಳೆಯುವ ಸದ್ದು. ಆಮೇಲೆ ಏನೂ ಇಲ್ಲ. ಹೆಸರು ಹಿಡಿದು ಕೂಗಿದೆ. ಮತ್ತೆ ಕೂಗಿದೆ. ಕೊನೆಗೆ ಚಿಲಕ ತೆಗೆದ ಸದ್ದು ಕೇಳಿಸಿತು.

"ಉಳಿದದ್ದು ಅಲ್ಲೇ ಇರಲಿ, ನೀವು ಬಾಗಿಲ ಹತ್ತಿರ ಗೋಡೆಗೆ ಒರಗಿ ಕೂತ್ಕೊಳ್ಳಿ. ನನ್ನ ಜೊತೆ ಮಾತಾಡ್ತಾ ಇರಿ." ಗ್ರೂಪ್ ಬಗ್ಗೆ ಮಾತಾಡಿಸಿದೆ, ನಿದ್ದೆ ಬಗ್ಗೆ ಮಾತಾಡಿಸಿದೆ. ಅವರು ಸುಮ್ಮನಾದಾಗೆಲ್ಲ ಉಸಿರು ಕೇಳಿಸಿಕೊಂಡೆ. ಗೊರಕೆಯಂತೆ ಗೊರಗೊರ ಸದ್ದು ಬಂದರೆ ಅದು ನಿದ್ದೆಯಲ್ಲ ಅಂತ ಟ್ರೇನಿಂಗ್‌ನಲ್ಲಿ ಒತ್ತಿ ಒತ್ತಿ ಹೇಳಿದ್ದರು. ಅದು ಬರಲಿಲ್ಲ. ಅಕ್ಕ ಬಂದರು. ಮೊದಲು ಅಳು ಕೇಳಿಸಿತು, ಆಮೇಲೆ ಅವರು ಫೋನ್ ತಗೊಂಡರು. ಓಪಿಯಾಯ್ಡ್ ಓವರ್‌ಡೋಸ್ ಆದಾಗ ಉಸಿರು ಮರಳಿಸುವ ಔಷಧ ನಲಾಕ್ಸೋನ್ ಮನೆಯಲ್ಲಿ ಇತ್ತು. ಕೊಡುವಷ್ಟು ಕೆಡಲಿಲ್ಲ, ಆದರೂ ಕೈಯಲ್ಲಿ ಹಿಡಿದುಕೊಳ್ಳಲು ಹೇಳಿದೆ. ಆಂಬುಲೆನ್ಸ್ ಬೇಡ ಅಂತ ಹೇಳಬೇಡಿ ಅಂತಲೂ ಹೇಳಿದೆ. ನಲಾಕ್ಸೋನ್ ಪ್ರಭಾವ 30ರಿಂದ 90 ನಿಮಿಷ. ಅದು ಇಳಿದಮೇಲೆ ಉಸಿರು ಮತ್ತೆ ಕಟ್ಟಬಹುದು. ಎಷ್ಟೋ ಮನೆಗಳಲ್ಲಿ ಎದ್ದು ಕೂತರಲ್ಲ ಅಂತ ಆಂಬುಲೆನ್ಸ್ ವಾಪಸ್ ಕಳಿಸುತ್ತಾರೆ.

ಅವರು ಉಳಿದರು. ಒಂದು ರಾತ್ರಿ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದರು. ಕೆಲವು ದಿನ ಕಳೆದು ಭೇಟಿಯಾದಾಗ ಹೇಳಿದ ಮಾತು ಇನ್ನೂ ಚುಚ್ಚುತ್ತದೆ: "ಸಾಯ್ತೀನಿ ಅಂತ ಭಯ ಆಗ್ಲಿಲ್ಲ ಮೇಡಂ. ಆ ಸೊನ್ನೆ ನೀವೆಲ್ಲ ನೋಡ್ತೀರಲ್ಲ ಅಂತ ಆಗಿತ್ತು."

ಅಷ್ಟರಲ್ಲಿ ಸಾಫ್ಟ್‌ವೇರ್ ತನ್ನ ಕೆಲಸ ಮಾಡಿಯಾಗಿತ್ತು. ಆಸ್ಪತ್ರೆಯಲ್ಲಿ ಮಲಗಿದ್ದಾಗಲೇ ಅವರ ಫೋನಿಗೆ 'ದಿನ 1, ಹೊಸ ಆರಂಭಕ್ಕೆ ಶುಭಾಶಯ' ಅಂತ ತಾನಾಗೇ ಮೆಸೇಜ್ ಹೋಗಿದೆ. ಮೀಟಿಂಗ್‌ನಲ್ಲಿ ಇದನ್ನು ಎತ್ತಿದೆ. ಹಣ ಕೊಡುವವರು ಈ ಸಂಖ್ಯೆಯನ್ನೇ ಕೇಳುತ್ತಾರೆ, ತೆಗೆಯಲು ಆಗುವುದಿಲ್ಲ ಅಂದರು ಮ್ಯಾನೇಜರ್. ಮೆಸೇಜ್ ಮಾತ್ರ ನಿಲ್ಲಿಸಿದರು.

ಅಲನ್ ಮಾರ್ಲಾಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು 1980ರ ದಶಕದಲ್ಲೇ ಇದನ್ನು ವಿವರಿಸಿದ್ದಾರೆ. ಒಂದು ಸಲ ಜಾರಿದ್ದಕ್ಕಿಂತ, 'ಎಲ್ಲ ಮುಗೀತು, ನಾನೇ ಇಷ್ಟು' ಅನ್ನುವ ಯೋಚನೆ ಮನುಷ್ಯನನ್ನು ಪೂರ್ತಿ ಕೆಳಗೆ ತಳ್ಳುತ್ತದೆ ಅಂತ. ನಮ್ಮ ಶೀಟು ಅದೇ ಯೋಚನೆಗೆ ಸೀಲು ಹಾಕಿ ಕೊಡುತ್ತಿದೆ. ಡಾಕ್ಟರ್‌ಗಳು ಬಳಸುವ, 2013ರಲ್ಲಿ ಬಂದ ಮಾನಸಿಕ ಕಾಯಿಲೆಗಳ ಕೈಪಿಡಿ ಡಿಎಸ್‌ಎಂ-5 ಕೂಡ ಹೀಗೆ ಎಣಿಸುವುದಿಲ್ಲ. ಅದರಲ್ಲಿ ಚಟಕ್ಕೆ 11 ಲಕ್ಷಣಗಳಿವೆ. ಕ್ರೇವಿಂಗ್ (ಬೇಕೇ ಬೇಕು ಅನ್ನುವ ತೀವ್ರ ಬಯಕೆ) ಒಂದನ್ನು ಬಿಟ್ಟು ಉಳಿದದ್ದು 3 ತಿಂಗಳು ಕಾಣದಿದ್ದರೆ ಆರಂಭದ ಚೇತರಿಕೆ, 12 ತಿಂಗಳು ಕಾಣದಿದ್ದರೆ ಗಟ್ಟಿ ಚೇತರಿಕೆ. ಒಂದು ಸಲ ತಗೊಂಡರು ಅನ್ನುವುದೇ ಅಲ್ಲಿ ಲಕ್ಷಣವಲ್ಲ. ಬದುಕು ಹೇಗೆ ನಡೆಯುತ್ತಿದೆ ಅನ್ನುವುದು ಲೆಕ್ಕ.

ದಿನ ಎಣಿಸುವುದರಿಂದ ಬಲ ಬರುವವರೂ ಇದ್ದಾರೆ. ಅದನ್ನು ನಾನು ತಳ್ಳಿಹಾಕುವುದಿಲ್ಲ. ಆಲ್ಕೊಹಾಲಿಕ್ಸ್ ಅನಾನಿಮಸ್ ಸಭೆಯಲ್ಲಿ ಸಿಕ್ಕಿದ ನಾಣ್ಯವನ್ನು ಜೇಬಿನಲ್ಲಿ ಸವೆಯುವ ತನಕ ಇಟ್ಟುಕೊಂಡವರನ್ನು ಕಂಡಿದ್ದೇನೆ. ಆದರೆ ಆ ಎಣಿಕೆ ಅವರ ಕೈಯಲ್ಲಿರಲಿ. ನಮ್ಮ ಕೈಗೆ ಬಂದ ಕೂಡಲೇ ಅದು ಪರೀಕ್ಷೆಯ ಅಂಕ ಆಗಿಬಿಡುತ್ತದೆ, ಜನ ಮುಚ್ಚಿಡುತ್ತಾರೆ. ಈ ಕೆಲಸದಲ್ಲಿ ಮುಚ್ಚಿಡುವುದೇ ಅಪಾಯ. ಕುಡಿತ ಬಿಟ್ಟವರಲ್ಲೂ ಅಷ್ಟೇ. ಮತ್ತೆ ಕೆಲವು ವಾರ ವಿಪರೀತ ಕುಡಿದು, ಯಾರಿಗೂ ಹೇಳದೆ ಒಮ್ಮೆಲೇ ನಿಲ್ಲಿಸಿದರೆ ಮೊದಲ 48 ಗಂಟೆಯೊಳಗೆ ಫಿಟ್ಸ್ ಬರಬಹುದು. ಹೇಳಿದ್ದರೆ ಡಾಕ್ಟರ್ ಮೇಲ್ವಿಚಾರಣೆಯಲ್ಲಿ ನಿಲ್ಲಿಸಬಹುದಿತ್ತು.

ಈಗ ನನ್ನ ನೋಟ್ಸ್‌ನಲ್ಲಿ ಬೇರೆಯದನ್ನು ಬರೆದುಕೊಳ್ಳುತ್ತೇನೆ. ಜಾರಿದಮೇಲೆ ಎಷ್ಟು ಹೊತ್ತಿಗೆ ನಮಗೆ ಫೋನ್ ಮಾಡಿದರು? ಮೊದಲು ವಾರಗಟ್ಟಲೆ ಕಾಣೆಯಾಗುತ್ತಿದ್ದವರು ಮರುದಿನವೇ ಕರೆ ಮಾಡಿದರೆ ನನ್ನ ಮಟ್ಟಿಗೆ ಅದು ಮುನ್ನಡೆ. ಹೊಸ ಕ್ಲೈಂಟ್ ಬಂದ ಮೊದಲ ಭೇಟಿಯಲ್ಲೇ ಮನೆಯವರ ಎದುರಿಗೆ ಕೇಳುತ್ತೇನೆ: "ಒಂದು ವೇಳೆ ತಗೊಂಡ್ರೆ ಮೊದಲು ಯಾರಿಗೆ ಹೇಳ್ತೀರಿ?" ಕೆಲವು ಮನೆಯವರಿಗೆ ಸಿಟ್ಟು ಬರುತ್ತದೆ. ಶುರುವಿನಲ್ಲೇ ಅಪಶಕುನದ ಮಾತು ಯಾಕೆ ಅನ್ನುತ್ತಾರೆ. ಆದರೂ ಹೆಸರು, ನಂಬರ್ ಬರೆಸಿಕೊಂಡೇ ಮುಂದಿನ ಪುಟಕ್ಕೆ ಹೋಗುತ್ತೇನೆ.