ಗದ್ದೇಲಿ ಸಿಗೋ ನಾಲ್ಕೆಲೆ ಗಿಡ ಲಕ್ಕಿಂದಾ?

ನಾಟಿ ಶುರುವಾಯ್ತು ಅಂದ್ರೆ ನನ್ನ ವಾಟ್ಸಾಪಿಗೆ ಅದೇ ಫೋಟೋ ಬರುತ್ತೆ. ಕೆಸರು ಮೆತ್ತಿದ ಎರಡು ಬೆರಳು, ಮಧ್ಯೆ ನಾಲ್ಕು ಎಲೆ ಹೊತ್ತ ಸಣ್ಣ ದಂಟು, ಕೆಳಗೆ "ಸಾರ್, ಫೋರ್ ಲೀಫ್ ಕ್ಲೋವರ್ ಸಿಕ್ತು, ಲಕ್ಕು ಅಲ್ವಾ?" ಅಂತ. ಮಲೇಬೆನ್ನೂರು ಕಡೆಯಿಂದ ಬರುತ್ತೆ, ಹರಿಹರದಿಂದ ಬರುತ್ತೆ. ಹೋದ ವರ್ಷ ದಾವಣಗೆರೇಲಿರೋ ನನ್ನ ತಂಗಿ ಮಗಳು ಆನ್‌ಲೈನಲ್ಲಿ 300 ರೂಪಾಯಿ ಕೊಟ್ಟು 'ಲಕ್ಕಿ ಕ್ಲೋವರ್' ಅಂತ ಒಂದು ಪಾಟ್ ತರಿಸಿದ್ಲು. ನೋಡಿದ್ರೆ ನಮ್ಮ ಚಿಕ್ಕಪ್ಪ ಕೂಲಿ ಕೊಟ್ಟು ಕೀಳಿಸೋ ಅದೇ ಕಳೆ! "ಮಾಮ, ರಿಟರ್ನ್ ಮಾಡ್ಲಾ?" ಅಂದ್ಲು, ಬೇಡ ಇಟ್ಕೋ ಅಂದೆ.

ಲಕ್ಕಿನ ವಿಷಯ ನಿಮಗೆ ಬಿಟ್ಟಿದ್ದು, ಆದ್ರೆ ಇದು ಕ್ಲೋವರ್ ಅಂತೂ ಅಲ್ಲ. ಕ್ಲೋವರ್ ಅಂದ್ರೆ ಹುರುಳಿ, ಶೇಂಗಾ ಕುಟುಂಬಕ್ಕೆ ಸೇರಿದ ಗಿಡ, ಅದಕ್ಕಿರೋದು ಮೂರೇ ದಳ, ಎಲ್ಲೋ ಅಪರೂಪಕ್ಕೆ ನಾಲ್ಕು ಬರುತ್ತೆ, ಅದಕ್ಕೇ ಅಷ್ಟು ಬೆಲೆ. ನಮ್ಮ ಗದ್ದೇದು ಮಾರ್ಸಿಲಿಯ, ಜರೀಗಿಡ, ಅಂದ್ರೆ ಫರ್ನ್. ಇದ್ರಲ್ಲಿ ಬಲಿತ ಎಲೆಗೆಲ್ಲ ನಾಲ್ಕೇ, ಮತ್ತೆ ಅದು ನಾಲ್ಕು ಎಲೇನೂ ಅಲ್ಲ, ಒಂದೇ ಎಲೆ ನಾಲ್ಕು ಭಾಗ ಆಗಿರೋದು. ನಂಬಿಕೆ ಬರದಿದ್ರೆ ಚಿಗುರು ನೋಡಿ, ಆನೆ ಸೊಂಡಿಲು ಒಳಗೆ ಸುತ್ಕೊಂಡಂಗೆ ಸುತ್ತಿರುತ್ತೆ, ಮಲೆನಾಡಲ್ಲಿ ಜರೀಗಿಡದ ಕುಡಿ ನೋಡಿದೋರಿಗೆ ತಕ್ಷಣ ಗೊತ್ತಾಗುತ್ತೆ. ಹೂವು ಹುಡುಕ್ಬೇಡಿ, ಬಿಡಲ್ಲ. ಇಟಲಿಯ ಮಾರ್ಸಿಲಿ ಅನ್ನೋ ವಿಜ್ಞಾನಿ ಹೆಸರು ಈ ಕುಲಕ್ಕೆ ಬಂದಿದೆ, ನಮ್ಮ ಗದ್ದೆಗಳಲ್ಲಿ ಸಾಮಾನ್ಯವಾಗಿ ಇರೋದು ಮಾರ್ಸಿಲಿಯ ಮಿನ್ಯೂಟ ಅನ್ನೋ ಜಾತಿ.

ನೀರು ಜಾಸ್ತಿ ಇದ್ರೆ ದಂಟು ಉದ್ದ ಮಾಡ್ಕೊಂಡು ಎಲೇನ ನೀರಿನ ಮೇಲೆ ತೇಲಿಸುತ್ತೆ, ಕೆಸರಾದ್ರೆ ಛತ್ರಿ ತರ ನಿಲ್ಲಿಸುತ್ತೆ, ಸಂಜೆ ಆದ್ರೆ ಮಡಚುತ್ತೆ. ಕೆಸರೊಳಗೆ ದಾರದಂಥ ಕಾಂಡ ಹರಿದಾಡ್ತಾ ಇರುತ್ತೆ, ರೋಟವೇಟರ್ ಹೊಡೆದು ತುಂಡು ಮಾಡಿದ್ರೆ ಒಂದೊಂದು ತುಂಡೂ ಮತ್ತೊಂದು ಗಿಡ. ಭದ್ರಾ ಚಾನಲ್ ನೀರು ಇರೋವರೆಗೆ ಇದಕ್ಕೆ ಹಬ್ಬ.

ಆದ್ರೆ ನನಗೆ ಹುಚ್ಚು ಹಿಡಿಸಿದ್ದು ಎಲೆ ಅಲ್ಲ. ಚಾನಲ್ ನಿಲ್ಲಿಸಿ ಗದ್ದೆ ಬಿರುಕು ಬಿಡೋ ಟೈಮಲ್ಲಿ ಗಿಡದ ಬುಡದಲ್ಲಿ ಕಂದು ಬಣ್ಣದ ಗಟ್ಟಿ ಕಾಳು ಕಾಣುತ್ತೆ, ಹುರುಳಿ ಕಾಳಿಗಿಂತ ಸಣ್ಣದು. ಬೀಜ ಅಲ್ಲ ಅದು, ಬೀಜಾಣು, ಅಂದ್ರೆ ಜರೀಗಿಡಕ್ಕೆ ಬೀಜದ ಬದಲು ಇರೋ ಸಣ್ಣ ಕಣ, ತುಂಬಿಟ್ಟ ಪೆಟ್ಟಿಗೆ. ಗಿಡ ಒಣಗಿ ಹೋದ್ರೂ ಇದು ಮಣ್ಣಲ್ಲಿ ಬಿದ್ದಿರುತ್ತೆ, ಬಾತುಕೋಳಿ ನುಂಗಿದ್ರೂ ಹೊಟ್ಟೇಲಿ ಕರಗದೆ ಇನ್ನೊಂದು ಕೆರೇಲಿ ಹೊರಗೆ ಬರುತ್ತೆ. ಹರ್ಬೇರಿಯಂ, ಅಂದ್ರೆ ಗಿಡ ಒಣಗಿಸಿ ಅಂಟಿಸಿಡೋ ಸಂಗ್ರಹದ ಹಾಳೆ ಮೇಲೆ ಸುಮಾರು 100 ವರ್ಷ ಒಣಗಿ ಕೂತಿದ್ದ ಕಾಳುಗಳ ಬೀಜಾಣು ಕೂಡ ಮೊಳೆತಿವೆ ರೀ.

ಒಂದ್ಸಲ ಚಿಕ್ಕಪ್ಪನ ಗದ್ದೆ ಬದುವಿಂದ ಹತ್ತು ಕಾಳು ತಂದು, ನೈಲ್ ಕಟರಲ್ಲಿ ಒಂದರ ತುದಿ ಸ್ವಲ್ಪ ಕತ್ತರಿಸಿ, ಗಾಜಿನ ಲೋಟದ ನೀರಿಗೆ ಹಾಕಿ ಕಾಫಿ ಕುಡಿಯೋಕೆ ಹೋದೆ. ವಾಪಸ್ ಬಂದಾಗ ಕಾಳು ಎರಡು ಹೋಳಾಗಿ ಬಾಯಿ ಬಿಟ್ಟಿತ್ತು, ಒಳಗಿಂದ ಲೋಳೆಯ ದಾರ ಒಂದು ನಿಧಾನಕ್ಕೆ ಹೊರಗೆ ಬರ್ತಾ ಇತ್ತು, ಬರ್ತಾನೇ ಇತ್ತು, ಅಷ್ಟು ಉದ್ದ ಆ ಕಾಳೊಳಗೆ ಹೆಂಗೆ ಮಡಚಿಟ್ಟಿತ್ತೋ. ಎರಡೂ ಕಡೆ ಸಾಲಾಗಿ ಸಣ್ಣ ಚೀಲಗಳು. ಅಮ್ಮ ಬಗ್ಗಿ ನೋಡಿ "ಥೂ, ಹುಳ ಐತೆ, ಆಚೆ ಚೆಲ್ಲು" ಅಂದ್ರು. ಆ ಚೀಲದಲ್ಲಿ ದೊಡ್ಡ ಬೀಜಾಣು, ಸಣ್ಣ ಬೀಜಾಣು ಎರಡೂ ಇರ್ತಾವೆ, ದೊಡ್ಡದು ಹೆಣ್ಣು, ಬಿಳಿ ಚುಕ್ಕೆ ತರ ಬರೀ ಕಣ್ಣಿಗೇ ಕಾಣುತ್ತೆ. ಸಣ್ಣದರಿಂದ ಸ್ಕ್ರೂ ತರ ಸುತ್ತಿದ ವೀರ್ಯಾಣು ಹೊರಟು ನೀರಲ್ಲಿ ಈಜ್ಕೊಂಡು ಹೋಗಿ ಹೆಣ್ಣು ಸೇರಬೇಕು. ಗದ್ದೇಲಿ ನೀರು ಎಷ್ಟು ದಿನ ನಿಲ್ಲುತ್ತೋ ಯಾರಿಗೆ ಗೊತ್ತು, ಅದಕ್ಕೇ ಈ ಅವಸರ. ಕೆಲವು ದಿನ ಬಿಟ್ಟು ಲೋಟದಲ್ಲಿ ಹಸಿರು ಸೂಜಿ ಎದ್ದಿತ್ತು. ಹೌದು, ಮೊದಲ ಎಲೆ ಬರೀ ಸೂಜಿ, ಆಮೇಲೆ ಎರಡು ದಳದ್ದು, ನಾಲ್ಕು ಬರೋದು ಕೊನೆಗೆ.

ಲಕ್ಕಿನ ಪ್ರಶ್ನೆ ಹಿಂದೇನೇ ಬರೋ ಇನ್ನೊಂದು ಪ್ರಶ್ನೆ, ಈ ಸೊಪ್ಪು ತಿನ್ನಬಹುದಾ ಅಂತ. ಬಂಗಾಳದಲ್ಲಿ ಸುಷ್ನಿ ಸೊಪ್ಪು ಅಂತ ತಿಂತಾರೆ, ನಿದ್ದೆ ಬರುತ್ತೆ ಅನ್ನೋ ನಂಬಿಕೆ, ತಮಿಳರಿಗೆ ಆರೈಕೀರೈ. ಆದ್ರೆ ಕಳೆನಾಶಕ ಹೊಡೆದ ಗದ್ದೇದು ಮುಟ್ಬೇಡಿ. ಕಾಳಿನ ಸಹವಾಸವಂತೂ ಬೇಡ್ವೇ ಬೇಡ. ಆಸ್ಟ್ರೇಲಿಯಾದಲ್ಲಿ ಇದರ ಸಂಬಂಧಿ ನಾರ್ಡೂ ಅಂತ ಇದೆ. 1860ರಲ್ಲಿ ಮೆಲ್ಬರ್ನ್ ಬಿಟ್ಟ ಬರ್ಕ್ ಮತ್ತು ವಿಲ್ಸ್ ಅನ್ನೋ ಅನ್ವೇಷಕರು ಮುಂದಿನ ವರ್ಷ ಕೂಪರ್ಸ್ ಕ್ರೀಕ್ ಅನ್ನೋ ಹಳ್ಳದ ಹತ್ರ ಸಿಕ್ಕಾಕೊಂಡು, ಅಲ್ಲಿಯ ಮೂಲನಿವಾಸಿಗಳನ್ನ ನೋಡಿ ನಾರ್ಡೂ ಕಾಳಿನ ಹಿಟ್ಟು ತಿಂದ್ರು. ಹೊಟ್ಟೆ ತುಂಬುತ್ತಿತ್ತು, ಮೈ ಮಾತ್ರ ಇಳೀತಾ ಹೋಯ್ತು, ಇಬ್ಬರೂ ಸತ್ರು. ಅದರಲ್ಲಿ ವಿಟಮಿನ್ ಬಿ1 ಒಡೆಯೋ ಕಿಣ್ವ ಇದೆ, ಅಲ್ಲಿಯವರು ಹುರಿದು ನೀರು ಹಾಕಿ ಅರೀತಿದ್ರು, ಇವರು ಆ ಕ್ರಮ ಪೂರ್ತಿ ಕಲೀಲಿಲ್ಲ ಅಂತ ಸಂಶೋಧಕರು ಹೇಳ್ತಾರೆ. ಜೊತೆಗಿದ್ದ ಕಿಂಗ್ ಅನ್ನೋನು ಆ ಮೂಲನಿವಾಸಿ ಜನರ ಜೊತೇನೇ ಇದ್ದು ಬದುಕಿಕೊಂಡ.

ಹಂಗಾಗಿ ಇನ್ಮೇಲೆ ಎಲೆ ಫೋಟೋ ಕಳಿಸ್ಬೇಡಿ. ಗದ್ದೆ ಒಣಗಿದಾಗ ಬುಡ ಕೆದಕಿ ನೋಡಿ, ಕಾಳಿದ್ರೆ ಒಂದು ಪೊಟ್ಟಣ ಕಟ್ಟಿ ಕಳಿಸಿ, ನನ್ನ ಡಬ್ಬೀಲಿ ಎರಡೇ ಉಳಿದಾವೆ.