ಮಗಳ ಬ್ಯಾಂಜೋಗೆ ಮಾವನ ಕಿವಿ

ಮುಂಬೈಯಲ್ಲಿ ಬ್ಯಾಂಜೋ ಬೇಕು ಅಂದರೆ ಏನು ತೋರಿಸುತ್ತಾರೆ ಗೊತ್ತಾ? ಉದ್ದ ಪೆಟ್ಟಿಗೆ, ಮೇಲೆ ತಂತಿ, ಟೈಪ್‌ರೈಟರಿನ ಹಾಗೆ ಗುಂಡಿಗಳು. ಬುಲ್‌ಬುಲ್ ತರಂಗ್. ಗಣಪತಿ ಬಿಡುವ ದಿನ ನಮ್ಮ ಡೊಂಬಿವಲಿಯಲ್ಲಿ ಬ್ಯಾಂಜೋ ಪಾರ್ಟಿ ಬಂತು ಅಂದರೆ ಇದೇ. 1912ರಲ್ಲಿ ಜಪಾನಿನಲ್ಲಿ ಹುಟ್ಟಿದ ತೈಶೋಗೊತೊ ಅನ್ನುವ ವಾದ್ಯದ ಸಂತತಿ ಇದು. ನನಗೆ ಇದರ ನಾದ ತುಂಬಾ ಇಷ್ಟ. ಆದರೆ ನನ್ನ 8 ವರ್ಷದ ಮಗಳು ಕೇಳಿದ್ದು ಇದನ್ನಲ್ಲ. ಅವಳಿಗೆ ಬೇಕಿದ್ದದ್ದು ಉದ್ದ ಕತ್ತಿನ, ಗುಂಡು ಮೈಯ, ಐದು ತಂತಿಯ ಬ್ಯಾಂಜೋ. ಆಫ್ರಿಕಾದಿಂದ ಗುಲಾಮರಾಗಿ ಹೋದವರು ತಮ್ಮ ನೆನಪಿನಿಂದ ಸೋರೆ ಬುರುಡೆಗೆ ಚರ್ಮ ಬಿಗಿದು ಮಾಡಿಕೊಂಡ ವಾದ್ಯ ಬೆಳೆದು ಅಮೆರಿಕದಲ್ಲಿ ಹೀಗಾಯಿತು.

ಒಂದು ಶನಿವಾರ ಧೋಬಿ ತಲಾವ್‌ಗೆ ಹೋದೆವು. ಅಂಗಡಿಯಲ್ಲಿ ಇದ್ದದ್ದು ದೊಡ್ಡದು, ಹಿಂದೆ ಮರದ ಬಟ್ಟಲು ಕೂರಿಸಿದ್ದು. ರೆಸೊನೇಟರ್ ಅಂತಾರೆ. ತೂಕ ಹತ್ತಿರ ಹತ್ತಿರ 5 ಕಿಲೋ. ಮಗಳ ತೊಡೆಯ ಮೇಲಿಟ್ಟರೆ ಅವಳೇ ಕಾಣುತ್ತಿರಲಿಲ್ಲ. ಎಡಗೈ ಪೂರ್ತಿ ಚಾಚಿದರೂ ಕತ್ತಿಗೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳಲ್ಲಿ ತಲೆಯ ಹತ್ತಿರದ್ದು, ಮೊದಲನೇ ಫ್ರೆಟ್‌ ಸಿಗಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ, ಹಿಂದೆ ತೆರೆದಿರುವ ಓಪನ್ ಬ್ಯಾಕ್ ಮಾತ್ರ. ಅದು 2 ಕಿಲೋ ಆಸುಪಾಸು ಬರುತ್ತದೆ.

ಅಳತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಅಲ್ವಾ? ಪೂರ್ತಿ ಅಳತೆಯ ಬ್ಯಾಂಜೋದಲ್ಲಿ ತಂತಿ ಮೀಟುವ ಉದ್ದ ಸುಮಾರು 26 ಇಂಚು. ಮಕ್ಕಳಿಗೆ ಅಂತ 19 ಇಂಚಿನದೂ ಸಿಗುತ್ತದೆ. ಮೊದಲು ನಾನೂ ಅದನ್ನೇ ತರಬೇಕು ಅಂದುಕೊಂಡೆ. ಆದರೆ ಅದೇ ತಂತಿ, ಅದೇ ಶ್ರುತಿ ಇಟ್ಟುಕೊಂಡು ಉದ್ದ ಅಷ್ಟು ಇಳಿಸಿದರೆ ಬಿಗಿ ಹೆಚ್ಚುಕಡಿಮೆ ಅರ್ಧವಾಗುತ್ತದೆ. ತಂತಿ ಜೋಲುತ್ತದೆ, ಒತ್ತಿದರೆ ಸ್ವರ ಪಕ್ಕಕ್ಕೆ ಜಾರುತ್ತದೆ. ಕೊನೆಗೆ 23 ಇಂಚಿನದನ್ನು ಆನ್‌ಲೈನ್‌ನಲ್ಲಿ ತರಿಸಿದೆ. ಚರ್ಮದ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಇರುವುದೇ ಬೇಕು ಅಂತ ಹಟ ಹಿಡಿದೆ. ಜುಲೈ ತಿಂಗಳ ಮುಂಬೈಯಲ್ಲಿ ಹಪ್ಪಳವೇ ಗರಿಗರಿ ಉಳಿಯುವುದಿಲ್ಲ, ಇನ್ನು ಆಡಿನ ಚರ್ಮ ಎಲ್ಲಿ ಬಿಗಿಯಾಗಿ ನಿಲ್ಲುತ್ತದೆ?

ಪೆಟ್ಟಿಗೆ ಬಿಚ್ಚಿದ ತಕ್ಷಣ ಮಗಳು ಅತ್ತೇಬಿಟ್ಟಳು. ಒಳಗೆ ಕುದುರೆ, ಅಂದರೆ ತಂತಿಗಳನ್ನು ಹಾಳೆಯ ಮೇಲೆ ಎತ್ತಿ ಹಿಡಿಯುವ ಪುಟ್ಟ ಮರದ ತುಂಡು, ಬಿದ್ದಿತ್ತು. ತಂತಿಗಳು ಸಡಿಲ. ಮುರಿದಿದೆ ಅಂದುಕೊಂಡಳು. ಮುರಿದಿರಲಿಲ್ಲ. ಬ್ಯಾಂಜೋದ ಕುದುರೆಯನ್ನು ಅಂಟಿಸಿರುವುದೇ ಇಲ್ಲ, ತಂತಿಯ ಒತ್ತಡದಲ್ಲೇ ಅದು ನಿಲ್ಲುತ್ತದೆ. ದೂರ ಕಳಿಸುವಾಗ ಬೇಕಂತಲೇ ಮಲಗಿಸುತ್ತಾರೆ. ನಿಮ್ಮ ಮನೆಗೂ ಹೀಗೆ ಬಂದರೆ ಮಗುವಿನ ಮುಂದೆ ಬಿಚ್ಚಬೇಡಿ, ಮೊದಲು ನೀವು ನಿಲ್ಲಿಸಿ ಆಮೇಲೆ ಕೊಡಿ.

ಕುದುರೆಯನ್ನು ನಾನು ಅಂದಾಜಿನಲ್ಲಿ ನಿಲ್ಲಿಸಿದೆ. ಟ್ಯೂನರ್ ನೋಡಿ ಶ್ರುತಿ ಮಾಡಿದೆ. ಖಾಲಿ ತಂತಿ ಸರಿ, ಆದರೆ ಕತ್ತಿನ ಮೇಲೆ ಹೋದ ಹಾಗೆಲ್ಲ ಅಪಸ್ವರ. ನಾದವೂ ಮಂಕು. ಒಂದು ವಾರ ಮಗಳು ದಿನಾ ಹತ್ತು ನಿಮಿಷ ನುಡಿಸಿ ಬೆರಳು ಊದಿಕೊಂಡು ಇಟ್ಟುಬಿಡುತ್ತಿದ್ದಳು. "ಬೇಡ ಅಮ್ಮ, ನೋಯತ್ತೆ" ಅಂದಳು. ನನಗೆ ಹೊಟ್ಟೆಯಲ್ಲಿ ಸಂಕಟ.

ಆ ಭಾನುವಾರ ಮಾವ ಬಂದರು. ಕುಂದಾಪುರದ ಕಡೆಯವರು, ಇಲ್ಲಿನ ಯಕ್ಷಗಾನ ಆಟಗಳಿಗೆ ಹವ್ಯಾಸಕ್ಕೆ ಮದ್ದಳೆ ಬಾರಿಸುತ್ತಾರೆ. ಬ್ಯಾಂಜೋ ಮುಟ್ಟಿದ್ದೇ ಅವತ್ತು. ತಂತಿಯ ಕಡೆ ನೋಡಲೇ ಇಲ್ಲ. ಮಡಿಲಲ್ಲಿ ಇಟ್ಟುಕೊಂಡು ಅಂಚಿನ ಸುತ್ತ ತೋರುಬೆರಳಿನಿಂದ ಟಕ್ ಟಕ್ ಅಂತ ತಟ್ಟುತ್ತಾ ಹೋದರು. ಒಂದು ಕಡೆ ನಿಂತರು. "ಇಲ್ಲಿ ಕೇಳು, ಇಲ್ಲಿ ಕೇಳು" ಅಂದರು. ಕತ್ತಿನ ಹತ್ತಿರ ಟಣ್ ಅನ್ನುತ್ತಿತ್ತು, ಎದುರು ಬದಿಯಲ್ಲಿ ದಬ್. ಸುತ್ತ ಹಾಳೆ ಬಿಗಿಯುವ 16 ಕೊಕ್ಕೆಗಳಿವೆ, ಪ್ರತಿ ಕೊಕ್ಕೆಗೆ ಒಂದು ನಟ್. ಮೂರು ನಟ್ ಬೆರಳಿನಲ್ಲೇ ತಿರುಗುತ್ತಿದ್ದವು! ಜೊತೆಗೆ ಬಂದ ಕೀ ತೆಗೆದುಕೊಂಡು ಒಂದು ಸಲಕ್ಕೆ ಕಾಲು ಸುತ್ತು, ಒಂದು ಬಿಗಿದರೆ ಮುಂದಿನದು ಅದರ ನೇರ ಎದುರಿನದು. ಹೀಗೆ ಅರ್ಧ ಗಂಟೆ. ಅವಸರ ಮಾಡಿದರೆ ಹಾಳೆ ಹರಿಯುತ್ತದೆ. ಎಲ್ಲ ಕಡೆ ಒಂದೇ ಸ್ವರ ಬಂದ ಮೇಲೆ ಮಗಳು ತಂತಿ ಮೀಟಿದಳು. ಅದೇ ವಾದ್ಯವಾ ಅನ್ನಿಸಿತು ನನಗೆ.

ಕುದುರೆಯ ಜಾಗಕ್ಕೆ ಲೆಕ್ಕ ಸುಲಭ. ಕತ್ತಿನ ತುದಿಯಲ್ಲಿ ತಂತಿಗಳು ಕೂರುವ ಅಡ್ಡಪಟ್ಟಿಯಿಂದ (ಅದಕ್ಕೂ ನಟ್ ಅಂತಲೇ ಹೆಸರು) 12ನೇ ಫ್ರೆಟ್‌ಗೆ ಎಷ್ಟು ದೂರವೋ, ಅಲ್ಲಿಂದ ಕುದುರೆಗೂ ಅಷ್ಟೇ. ಆಮೇಲೆ ಕೂದಲೆಳೆಯಷ್ಟು ಸರಿಸುತ್ತಾ ಕಿವಿಯಲ್ಲಿ ನೋಡಿ. ಸಿಕ್ಕ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿಡಿ.

ನೋವಿಗೆ ಕಾರಣ ತಂತಿಯ ಎತ್ತರ. 12ನೇ ಫ್ರೆಟ್ ಮೇಲೆ ಸ್ಕೇಲ್ ಇಟ್ಟರೆ ನಾಲ್ಕೂವರೆ ಮಿಲಿಮೀಟರ್ ಇತ್ತು. ಮೂರು ಸಾಕು. 5/8 ಇಂಚಿನ ಕುದುರೆ ತೆಗೆದು ಅರ್ಧ ಇಂಚಿನದು ಹಾಕಿದೆ. ಕುದುರೆ 3 ಮಿಲಿಮೀಟರ್ ತಗ್ಗಿದರೆ 12ನೇ ಫ್ರೆಟ್ ಹತ್ತಿರ ಅದರ ಅರ್ಧ ತಗ್ಗುತ್ತದೆ, ಲೆಕ್ಕ ಸರಿಯಾಗಿ ಕೂತಿತು. ಆದರೆ ಹಾಳೆ ಬಿಗಿದ ಮೇಲೆಯೇ ಇದನ್ನು ಮಾಡಿ. ಬಿಗಿದಾಗ ಹಾಳೆ ಕುದುರೆಯನ್ನೂ ಸ್ವಲ್ಪ ಎತ್ತುತ್ತದೆ. ತಂತಿಯ ದಪ್ಪ ಮಾತ್ರ ಮೀಡಿಯಮ್ಮೇ ಇರಲಿ ಅಂದೆ. ಕತ್ತು ಚಿಕ್ಕದಾಗಿಯೇ ಬಿಗಿ ಕಡಿಮೆಯಾಗಿದೆ, ಲೈಟ್ ಹಾಕಿದರೆ ಜಾಸ್ತಿ ಜೋಲುತ್ತದೆ.

ಇನ್ನೊಂದು ಮಾತು, ಇದು ನನಗೆ ಬಹಳ ಖುಷಿ ಕೊಟ್ಟದ್ದು. ಐದನೇ ತಂತಿಯ ಬಿರಡೆ ಉಳಿದವುಗಳ ಜೊತೆ ತಲೆಯಲ್ಲಿ ಇಲ್ಲ, ಕತ್ತಿನ ಮಧ್ಯೆ, 5ನೇ ಫ್ರೆಟ್ ಪಕ್ಕದಲ್ಲಿದೆ. ವೀಣೆಯ ತಾಳದ ತಂತಿಯ ಹಾಗೆ ಅದು ಒಂದೇ ಸ್ವರ ಹಿಡಿದು ಹೆಬ್ಬೆರಳಿಗೆ ಕಾಯುತ್ತದೆ. ಸಾಮಾನ್ಯವಾಗಿ ಇಡುವ ಜಿ ಶ್ರುತಿಯಲ್ಲಿ ಐದರಿಂದ ಒಂದರವರೆಗೆ ಬರುವುದು ಮೇಲಿನ ಸಾ, ಕೆಳಗಿನ ಪಾ, ಸಾ, ಗಾ, ಪಾ. ಏನೂ ಒತ್ತದೆ ಸುಮ್ನೆ ಎಳೆದರೂ ಇಂಪು. ಹಾಡು ಕ್ಲಾಸಿಗೆ ಹೋಗುವ ಮಗಳಿಗೆ ಇದನ್ನು ಹೇಳಿದ್ದೇ ತಡ, ಸಾ ಗಾ ಪಾ ಹಾಡಿಕೊಂಡು ತಾನೇ ಶ್ರುತಿ ಮಾಡತೊಡಗಿದಳು.

ಮೊನ್ನೆ ತಂತಿಗೆ ತುಕ್ಕು ಹಿಡಿದಿತ್ತು. ನಾನು ಅಡುಗೆ ಮನೆಯಲ್ಲಿದ್ದೆ. ಒಂದೊಂದಾಗಿ ಬದಲಾಯಿಸು ಅಂದಿದ್ದರೂ ಅವಳು ಐದನ್ನೂ ಒಟ್ಟಿಗೆ ಬಿಚ್ಚಿದ್ದಳು. ಕುದುರೆ ಬಿದ್ದ ಸದ್ದು ಕೇಳಿ ಓಡಿ ಬಂದೆ. ಅವಳು ಅಳುತ್ತಿರಲಿಲ್ಲ. ಬೋರಲು ಮಲಗಿಕೊಂಡು ಪೆನ್ಸಿಲ್ ಗುರುತು ಹುಡುಕುತ್ತಿದ್ದಳು.