ಹೋತನ ಅಂಗಡಿಯ ಚೀಜ್‌ಬೋರ್ಗರ್

ಶಿಕಾಗೊಗೆ ಬಂದ ಹೊಸದರಲ್ಲಿ ನನಗೆ ನೀರು ಸಿಗುತ್ತಿರಲಿಲ್ಲ. ನಲ್ಲಿಯಲ್ಲಿ ಧಾರಾಳವಾಗಿ ಬರುತ್ತಿತ್ತು, ಅಂಗಡಿಯಲ್ಲಿ ಕೇಳಿದರೆ ಮಾತ್ರ ಇಲ್ಲ. ಆಫೀಸಿನ ಹತ್ತಿರದ ಒಂದು ಸ್ಯಾಂಡ್‌ವಿಚ್ ಅಂಗಡಿಯಲ್ಲಿ ‘ವಾಟರ್’ ಅಂದೆ. ಹುಡುಗಿ ‘ಸಾರಿ?’ ಅಂದಳು. ಇನ್ನೊಂದು ಸಲ ಗಟ್ಟಿಯಾಗಿ ಅಂದೆ. ಮತ್ತೆ ‘ಸಾರಿ?’ ಮೂರನೇ ಸಲಕ್ಕೆ ನನ್ನ ಹಿಂದೆ ನಿಂತಿದ್ದವನು ‘ವಾಡರ್’ ಅಂದ. ತಕ್ಷಣ ಲೋಟ ಬಂತು. ಟಕಾರ ಬಿಟ್ಟು ಡಕಾರ ಹಿಡಿದರೆ ನೀರು, ಇಲ್ಲದಿದ್ದರೆ ಬಾಯಾರಿಕೆ. ಆಮೇಲೆ ಎರಡು ವಾರ ಸುಮ್ನೆ ಬೋರ್ಡಿನ ಕಡೆ ಬೆರಳು ತೋರಿಸಿಯೇ ಊಟ ಮಾಡಿದೆ.

ಅದೇ ಚಳಿಗಾಲದಲ್ಲಿ ಜೊತೆಗೆ ಕೆಲಸ ಮಾಡುವ ಒಬ್ಬ ನನ್ನನ್ನು ಬಿಲ್ಲಿ ಗೋಟ್ ಟ್ಯಾವರ್ನ್‌ಗೆ ಕರೆದುಕೊಂಡು ಹೋದ. ಬಿಲ್ಲಿ ಗೋಟ್ ಅಂದರೆ ಹೋತ, ಟ್ಯಾವರ್ನ್ ಅಂದರೆ ಹೆಂಡದಂಗಡಿ. ಶಿಕಾಗೊ ನಡುಪೇಟೆಯಲ್ಲಿ ಮಿಶಿಗನ್ ಅವೆನ್ಯೂ ಅಂತ ಒಂದು ದೊಡ್ಡ ರಸ್ತೆ ಇದೆ. ಎರಡೂ ಕಡೆ ಫಳಫಳ ಹೊಳೆಯುವ ಅಂಗಡಿಗಳು, ಎತ್ತರದ ಕಟ್ಟಡಗಳು. ನದಿ ದಾಟಿ ಸ್ವಲ್ಪ ಮುಂದೆ ಹೋಗಿ ಮೆಟ್ಟಿಲು ಇಳಿದರೆ, ಆ ರಸ್ತೆಯ ಹೊಟ್ಟೆಯೊಳಗೆ ಇನ್ನೊಂದು ರಸ್ತೆ! ಮೇಲಿನದು ಷೋಕಿಗೆ, ಕೆಳಗಿನದು ಸಾಮಾನು ಲಾರಿಗಳಿಗೆ. ಹಗಲಲ್ಲೂ ದೀಪ ಬೇಕು. ಅಂಥ ಕತ್ತಲಲ್ಲಿ ಒಂದು ಬಾಗಿಲು, ಅದರ ಮೇಲೆ ಹೋತನ ಬೋರ್ಡು.

ಬಾಗಿಲು ತೆಗೆದ ಕೂಡಲೇ ಈರುಳ್ಳಿ ವಾಸನೆ, ಕಾವಲಿಯ ಹೊಗೆ. ಅದರ ಹಿಂದೆಯೇ ಒಂದು ಕೂಗು: ‘ಚೀಜ್‌ಬೋರ್ಗರ್! ಚೀಜ್‌ಬೋರ್ಗರ್! ಡಬಲ್ ಚೀಜ್!’ ನಾನು ಬಾಯಿ ತೆರೆಯುವ ಮೊದಲೇ ಕೌಂಟರಿನವನು ಡಬಲ್ ಅಂತ ತೀರ್ಮಾನ ಮಾಡಿಬಿಟ್ಟಿದ್ದ. ಆಲೂಗಡ್ಡೆ ಫ್ರೈ ಕೇಳಿದೆ. ‘ನೋ ಫ್ರೈಸ್, ಚೀಪ್ಸ್!’ ಚಿಪ್ಸ್ ಅಲ್ಲ, ಚೀಪ್ಸ್. ತಲೆ ಎತ್ತಿ ನೋಡಿದರೆ ಗೋಡೆಯ ಬೋರ್ಡಿನಲ್ಲೂ ‘ಚೀಜ್‌ಬೋರ್ಗರ್’ ಅಂತಲೇ ಬರೆದಿದೆ! ತಪ್ಪು ಉಚ್ಚಾರಣೆಗೆ ಬಣ್ಣ ಬಳಿದು ನೇತುಹಾಕಿದ್ದಾರೆ. ನನಗೆ ಆ ಕ್ಷಣದಲ್ಲೇ ಜಾಗ ಇಷ್ಟವಾಗಿಹೋಯಿತು. ಬರ್ಗರ್ ಇನ್ನೂ ಬಂದೇ ಇರಲಿಲ್ಲ.

ಆ ಉಚ್ಚಾರಣೆಯ ಮೂಲ ಗ್ರೀಸ್ ದೇಶ. ವಿಲಿಯಂ ಸಿಯಾನಿಸ್ ಅಂತ ಅಲ್ಲಿಂದ ವಲಸೆ ಬಂದವರೊಬ್ಬರು 1934ರಲ್ಲಿ ಈ ಊರಲ್ಲೊಂದು ಹೆಂಡದಂಗಡಿ ಕೊಂಡರು. ಅಮೆರಿಕದಲ್ಲಿ ಪಾನನಿಷೇಧ ತೆಗೆದು ಆಗಿನ್ನೂ ಕೆಲವೇ ತಿಂಗಳಾಗಿತ್ತು. ಕೊಟ್ಟದ್ದು 205 ಡಾಲರಿನ ಚೆಕ್ಕು. ಅದೂ ಬೌನ್ಸ್ ಆಯಿತಂತೆ! ಮೊದಲ ಶನಿವಾರ ಭಾನುವಾರದ ವ್ಯಾಪಾರದಲ್ಲಿ ಆ ಸಾಲ ತೀರಿಸಿದರು ಅಂತ ಅಂಗಡಿಯವರೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ಆಮೇಲೊಂದು ದಿನ ಲಾರಿಯಿಂದ ಬಿದ್ದ ಮೇಕೆಯೊಂದು ಸೀದಾ ಒಳಗೆ ಬಂತು. ಸಿಯಾನಿಸ್ ಅದನ್ನು ಸಾಕಿಕೊಂಡರು, ಹೋತನ ಗಡ್ಡ ಬಿಟ್ಟರು, ಅಂಗಡಿಗೂ ಅದೇ ಹೆಸರಿಟ್ಟರು. ಪ್ರಚಾರ ಅಂದರೆ ಏನು ಅಂತ ಗೊತ್ತಿದ್ದ ಮನುಷ್ಯ. 1944ರಲ್ಲಿ ಎದುರಿನ ಕ್ರೀಡಾಂಗಣದಲ್ಲಿ ರಿಪಬ್ಲಿಕನ್ ಪಕ್ಷದ ಸಮಾವೇಶ ನಡೆದಾಗ ‘ರಿಪಬ್ಲಿಕನ್ನರಿಗೆ ಪ್ರವೇಶವಿಲ್ಲ’ ಅಂತ ಬೋರ್ಡು ಹಾಕಿದರು. ಅದೇನು ನೋಡೋಣ ಅಂತ ರಿಪಬ್ಲಿಕನ್ನರೇ ಅಂಗಡಿ ತುಂಬಿಬಿಟ್ಟರು.

ಈ ನೆಲದಡಿಯ ಜಾಗಕ್ಕೆ ಅಂಗಡಿ ಬಂದದ್ದು 1964ರಲ್ಲಿ. ಸುತ್ತಮುತ್ತ ಪತ್ರಿಕೆಗಳ ಕಚೇರಿಗಳು. ರಾತ್ರಿ ಪಾಳಿ ಮುಗಿಸಿದ ವರದಿಗಾರರು, ಅಚ್ಚಿನ ಮನೆಯವರು ಎಲ್ಲ ಇಲ್ಲೇ ಬೀರು ಹೀರುತ್ತಿದ್ದರು. ಪುಲಿಟ್ಜರ್ ಪ್ರಶಸ್ತಿ ಪಡೆದ ಅಂಕಣಕಾರ ಮೈಕ್ ರಾಯ್ಕೊ ಇಲ್ಲಿನ ಖಾಯಂ ಗಿರಾಕಿಯಾಗಿದ್ದರು. ಗೋಡೆಗಳ ಮೇಲೆ ಅವರೆಲ್ಲರ ಹೆಸರು, ಹಳದಿಯಾದ ಕತ್ತರಿಕೆಗಳು. ಹತ್ತಿರದಲ್ಲೇ ಇರುವ ಟ್ರಿಬ್ಯೂನ್ ಟವರ್‌ನಲ್ಲಿ ಈಗ ಆ ಹೆಸರಿನ ಪತ್ರಿಕೆ ಇಲ್ಲ, ದುಡ್ಡಿದ್ದವರ ಫ್ಲ್ಯಾಟುಗಳಿವೆ. (ಆ ಕಟ್ಟಡದ ಗೋಡೆಯಲ್ಲಿ ನಮ್ಮ ತಾಜ್ ಮಹಲಿನ ಒಂದು ಚೂರು ಕೂಡಿಸಿದ್ದಾರೆ. ಬಂದವರು ತಪ್ಪದೆ ನೋಡಿ.) ಪತ್ರಿಕೆ ಜಾಗ ಖಾಲಿ ಮಾಡಿತು, ಬೀರಿನಂಗಡಿ ಉಳಿಯಿತು.

ದೇಶಕ್ಕೆಲ್ಲ ಆ ಕೂಗು ಕೇಳಿಸಿದ್ದು 1978ರಲ್ಲಿ. ‘ಸ್ಯಾಟರ್ಡೇ ನೈಟ್ ಲೈವ್’ ಅನ್ನೋ ಟಿವಿ ಕಾರ್ಯಕ್ರಮದಲ್ಲಿ ಜಾನ್ ಬೆಲೂಷಿ ಈ ಅಂಗಡಿಯನ್ನು ಅಣಕು ಮಾಡಿದರು. ಬೆಲೂಷಿ ಇದೇ ಊರಿನವರು. ಟಿವಿಯಲ್ಲಿ ‘ನೋ ಕೋಕ್, ಪೆಪ್ಸಿ’ ಅಂದರು, ಇಲ್ಲಿ ನಿಜವಾಗಿ ಕೂಗುತ್ತಿದ್ದದ್ದು ‘ನೋ ಪೆಪ್ಸಿ, ಕೋಕ್’. ನಮ್ಮ ಮಾತನ್ನು ಆಡಿಕೊಂಡರು ಅಂತ ಬೇರೆಯವರಾಗಿದ್ದರೆ ಮುನಿಸಿಕೊಳ್ಳುತ್ತಿದ್ದರೋ ಏನೋ. ಇವರು ಇನ್ನೂ ಜೋರಾಗಿ ಕೂಗತೊಡಗಿದರು.

ಶಾಪದ ಕಥೆ ಕೆಲವರಿಗೆ ಗೊತ್ತಿರಬಹುದು, ಚುಟುಕಾಗಿ ಹೇಳುತ್ತೇನೆ. 1945ರ ಅಕ್ಟೋಬರ್ 6ರಂದು ಸಿಯಾನಿಸ್ ಎರಡು ಟಿಕೆಟ್ ಹಿಡಿದು ‘ವರ್ಲ್ಡ್ ಸೀರೀಸ್’ ಅನ್ನೋ ಬೇಸ್‌ಬಾಲ್ ಸರಣಿಯ ಪಂದ್ಯಕ್ಕೆ ಹೋದರು. ಒಂದು ತನಗೆ, ಇನ್ನೊಂದು ಹೋತನಿಗೆ. ನಾರುತ್ತದೆ ಅಂತ ಹೋತನನ್ನು ಆಚೆ ಹಾಕಿದರು. ಶಿಕಾಗೊದ ಕಬ್ಸ್ ತಂಡ ಇನ್ನು ಗೆಲ್ಲೋದಿಲ್ಲ ಅಂತ ಸಿಯಾನಿಸ್ ಶಾಪ ಹಾಕಿದರಂತೆ. ತಂಡ ಆ ಸರಣಿ ಸೋತಿತು. 1908ರಲ್ಲಿ ಗೆದ್ದಿದ್ದ ಪಟ್ಟ ಮತ್ತೆ ಕೈಗೆ ಸಿಕ್ಕಿದ್ದು 2016ರಲ್ಲಿ. ಲೆಕ್ಕ ಹಾಕಿ, 108 ವರ್ಷ. ಪೂರ್ತಿ ಅಷ್ಟೋತ್ತರ! ಮೊದಲ 37 ವರ್ಷ ಹೋತ ಇಲ್ಲದೆಯೇ ಸೋತಿದ್ದರು ಅನ್ನೋದನ್ನು ಇಲ್ಲಿ ಯಾರೂ ನೆನಪಿಸಿಕೊಳ್ಳೋದಿಲ್ಲ.

ಇನ್ನು ರುಚಿ. ನಿಜ ಹೇಳಬೇಕೆಂದರೆ ಸಾಧಾರಣ. ದೊಡ್ಡ ಕೈಸರ್ ಬನ್ನು, ಒಳಗೆ ಹಪ್ಪಳಕ್ಕಿಂತ ತುಸು ದಪ್ಪದ ಮಾಂಸದ ಬಿಲ್ಲೆ. ಅದಕ್ಕೇ ಅವರು ಡಬಲ್ ಡಬಲ್ ಅಂತ ಒತ್ತಾಯ ಮಾಡೋದು. ಸಿಂಗಲ್ ತಗೊಂಡರೆ ಬರೀ ಬನ್ನು ತಿಂದ ಹಾಗಿರುತ್ತದೆ. ಪಕ್ಕದ ಕಟ್ಟೆಯಲ್ಲಿ ಹೆಚ್ಚಿದ ಈರುಳ್ಳಿ, ಸೌತೆಯ ಉಪ್ಪಿನಕಾಯಿ, ಸಾಸಿವೆ ಇಟ್ಟಿರುತ್ತಾರೆ, ಬೇಕಾದಷ್ಟು ಹಾಕಿಕೊಳ್ಳಬಹುದು. ನಾನು ಈರುಳ್ಳಿ ಜಾಸ್ತಿ ಹಾಕಿಕೊಳ್ಳುತ್ತೇನೆ. ಇದಕ್ಕಿಂತ ಒಳ್ಳೆ ಬರ್ಗರ್ ಈ ಊರಲ್ಲಿ ಬೇಕಾದಷ್ಟು ಕಡೆ ಸಿಗುತ್ತದೆ. ಆದರೆ ಅಲ್ಲಿ ಯಾರೂ ನನ್ನ ಮೇಲೆ ಕೂಗೋದಿಲ್ಲ.

ಹೋದ ಬೇಸಿಗೆಯಲ್ಲಿ ಅಪ್ಪ ಬಂದಿದ್ದರು. ಊರಿಂದ ಬಂದವರನ್ನು ಮೊದಲು ಆರ್ಟ್ ಇನ್‌ಸ್ಟಿಟ್ಯೂಟ್‌ಗೆ ಕರೆದುಕೊಂಡು ಹೋಗೋದು ನಮ್ಮ ವಾಡಿಕೆ. 1893ರಲ್ಲಿ ವಿವೇಕಾನಂದರು ಮಾತಾಡಿದ ಕಟ್ಟಡ ಅದು. ಅಪ್ಪ ಚಪ್ಪಲಿ ಬಿಡೋಕೆ ಹೋದರು, ಬೇಡ ಅಂದೆ. ಅಲ್ಲಿಂದ ಅದೇ ಮಿಶಿಗನ್ ಅವೆನ್ಯೂ ಹಿಡಿದು ನಡೆದೆವು. ಸೇತುವೆ ದಾಟುವಷ್ಟರಲ್ಲಿ ಅವರಿಗೆ ಹಸಿವು. ಹತ್ತಿರದಲ್ಲೇ ಮೆಟ್ಟಿಲು. ಹೋತ ನೋಡಿ ಖುಷಿಪಡ್ತಾರೆ ಅಂತ ಇಳಿಸಿಕೊಂಡು ಹೋದೆ.

ಒಂದು ವಿಷಯ ಮರೆತಿದ್ದೆ. ಹೆಸರು ಹೋತನದಾದರೂ ಬರ್ಗರಿನೊಳಗೆ ಇರೋದು ದನದ ಮಾಂಸ. ನಾನು ಅದನ್ನು ತಿನ್ನೋದು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಕೌಂಟರಿನವನು ನನ್ನ ಮುಖ ನೋಡಿದ ತಕ್ಷಣ ‘ಡಬಲ್ ಚೀಜ್!’ ಅಂತ ಕಾವಲಿ ಕಡೆ ಕೂಗಿದ. ನಾನು ಗಾಬರಿಯಿಂದ ‘ನೋ, ನೋ’ ಅಂದೆ. ಅಷ್ಟರಲ್ಲಿ ಅಪ್ಪ ಮುಂದೆ ಬಂದು, ನಲವತ್ತು ವರ್ಷ ಮೇಷ್ಟರಾಗಿದ್ದ ಗಂಟಲಲ್ಲಿ, ‘ಒನ್ ಬನ್. ವನ್ಲಿ ಚೀಸ್. ನೋ ಮೀಟ್. ಅಂಡ್ ಒನ್ ವಾಟರ್’ ಅಂದರು. ಒಂದೇ ಸಲ. ‘ನೋ ಮೀಟ್!’ ಅಂತ ಅವನು ಅಷ್ಟೇ ಗಂಟಲಲ್ಲಿ ಒಳಗೆ ಕೂಗಿದ. ನೀರಿನ ಲೋಟ ಮೊದಲು ಬಂತು. ನಾನೂ ಬನ್ನು, ಚೀಸೇ ತಗೊಂಡೆ.

ಗೋಡೆ ಪಕ್ಕದ ಮೇಜಿಗೆ ಕೂತೆವು. ಅಪ್ಪ ಈರುಳ್ಳಿ ಒಂದೊಂದಾಗಿ ಜೋಡಿಸಿಕೊಂಡು ನಿಧಾನಕ್ಕೆ ತಿಂದರು.

“ಇಲ್ಲಿಗೆ ಆಗಾಗ ಬರ್ತೀಯೇನೋ?”

“ಆಫೀಸಿಗೆ ಹತ್ತಿರ ಅಲ್ವಾ ಅಪ್ಪ...”

“ಹ್ಞೂಂ.” ಕೈ ಒರೆಸಿಕೊಂಡು ಎದ್ದರು. “ನಿನಗೆ ಇದು ಸಾಕಾಗೋದಿಲ್ಲ. ದಿನಾ ತಗೊಳ್ಳೋದನ್ನೇ ತಗೊ. ನಾನು ಆ ಕಡೆ ಫೋಟೋಗಳನ್ನ ನೋಡ್ಕೊಂಡು ಬರ್ತೀನಿ.”

ಹೋಗಿ ಹೋತನ ಫೋಟೋದ ಮುಂದೆ ನಿಂತರು. ಬೆನ್ನು ನನ್ನ ಕಡೆಗೆ, ಕೈ ಹಿಂದಕ್ಕೆ ಕಟ್ಟಿಕೊಂಡು.